ಎರರ್ 1327 ಮತ್ತು ಫಾರ್ಮ್ಯಾಟ್ ಎಂಬ ಸರ್ವರೋಗದ ಮದ್ದು

ಮೊನ್ನೆ ಧೂಳು ಒರೆಸೋಣ ಅಂತ ಕಂಪ್ಯೂಟರ್ ಬಿಚ್ಚಿದೆ. ಎರಡನೇ ಹಾರ್ಡ್ ಡಿಸ್ಕನ್ನು ಎರಡು ದಿನ ಹೊರಗಿಟ್ಟು ವಾಪಸ್ ಜೋಡಿಸಿದ್ದೇ ತಡ, ಯಾವ ತಂತ್ರಾಂಶ ಹಾಕಹೋದರೂ ಒಂದೇ ರಾಗ: ಎರರ್ 1327, ಇನ್‌ವ್ಯಾಲಿಡ್ ಡ್ರೈವ್ ಇ. ಅಮೃತಹಳ್ಳಿಯ ರಿಪೇರಿ ಅಂಗಡಿಯಲ್ಲಿ ಸಿಕ್ಕ ಉತ್ತರವೂ ಒಂದೇ: "ಎರಡೂ ಡಿಸ್ಕ್ ಫಾರ್ಮ್ಯಾಟ್ ಮಾಡ್ಬಿಡೋಣ ಸಾರ್."

ಎದೆ ಧಸಕ್ಕೆಂದಿತು. ಅಪ್ಪನ ಫೋಟೋಗಳು, ನುಡಿಯಲ್ಲಿ ಬರೆದಿಟ್ಟ ನನ್ನ ಹಳೇ ಬರಹಗಳು ಎಲ್ಲಾ ಅದರಲ್ಲೇ ಇವೆ!

ಮನೆಗೆ ಬಂದು ಆ ಸಂದೇಶವನ್ನೇ ಮತ್ತೆ ಓದಿದೆ. ಡಿಸ್ಕು ಕೆಟ್ಟಿರಲಿಲ್ಲ, ವಿಳಾಸ ಬದಲಾಗಿತ್ತು ಅಷ್ಟೇ. ಅದು ಹೊರಗಿದ್ದಾಗ ಸಿಕ್ಕಿಸಿದ ಪೆನ್ ಡ್ರೈವ್ 'ಇ' ಅಕ್ಷರ ಹಿಡಿದಿತ್ತು. ಮರಳಿ ಬಂದ ಡಿಸ್ಕಿಗೆ 'ಎಫ್' ಸಿಕ್ಕಿತ್ತು. ನನ್ನ ಡಾಕ್ಯುಮೆಂಟ್ಸ್ ಫೋಲ್ಡರ್ ಇದ್ದದ್ದು ಆ ಡಿಸ್ಕಿನಲ್ಲಿ. ವಿಂಡೋಸಿನ ರಿಜಿಸ್ಟ್ರಿಯಲ್ಲಿ 'ಯೂಸರ್ ಶೆಲ್ ಫೋಲ್ಡರ್ಸ್' ಎಂಬಲ್ಲಿ ಹಳೇ ವಿಳಾಸವೇ ಉಳಿದಿತ್ತು. ಪೆನ್ ಡ್ರೈವ್ ಕಿತ್ತ ಮೇಲೆ ಇ ಎಂಬುದೇ ಇಲ್ಲ. ಇನ್‌ಸ್ಟಾಲರ್ ಅಲ್ಲಿ ಹುಡುಕಿ ಸುಮ್ಮನೆ ನಿಂತುಬಿಡುತ್ತಿತ್ತು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಎಫ್ ಅನ್ನು ಮತ್ತೆ ಇ ಮಾಡಿ ರೀಸ್ಟಾರ್ಟ್ ಕೊಟ್ಟೆ. ಐದು ನಿಮಿಷದ ಕೆಲಸ! (ಸಿ ಡ್ರೈವಿನ ಅಕ್ಷರ ಮಾತ್ರ ಮುಟ್ಟಬೇಡಿ.)

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಈ ಚಾಳಿ ಬಿಡಬೇಕು. ಮೊದಲು ಎರರ್ ನಂಬರ್ ಬರೆದುಕೊಳ್ಳಿ, ಡ್ರೈವ್ ಅಕ್ಷರ ನೋಡಿ, ಬ್ಯಾಕಪ್ ತೆಗೆಯಿರಿ. ಫಾರ್ಮ್ಯಾಟ್ ಕಟ್ಟಕಡೆಗೆ.

ಇನ್ನೊಂದು ಮಾತು. ಆ ಸಂದೇಶ ಅಚ್ಚಕನ್ನಡದಲ್ಲಿ "ಇ ಡ್ರೈವ್ ಕಾಣಿಸುತ್ತಿಲ್ಲ, ಅಕ್ಷರ ಬದಲಾಗಿದೆಯೇ ನೋಡಿ" ಎಂದಿದ್ದರೆ ನಾನು ಅಂಗಡಿಗೇ ಹೋಗುತ್ತಿರಲಿಲ್ಲ. ಕನ್ನಡದಲ್ಲಿ ಟೈಪಿಸಲು ಬಂದರೆ ಸಾಲದು, ಕೆಟ್ಟಾಗಲೂ ಕಂಪ್ಯೂಟರ್ ನಮ್ಮ ಭಾಷೆಯಲ್ಲೇ ಮಾತಾಡಬೇಕು. ಏನಂತೀರಿ?