ಗಾಳದ ಕೋಲು ಹೋಗಿ ಕೊರಳ ಹಾರ ಬಂತು

ಕಣ್ಣೀರಿಗೂ ಜರತಾರಿ ಅಂಚು ಹಚ್ಚಿ ಮಾರುವ ವಿದ್ಯೆ ಬಂಡವಾಳಗಾರರಿಗೆ ಗೊತ್ತು. 2002ರಲ್ಲಿ ತೆರೆಕಂಡು ಇಂದಿಗೂ ಹೊಗಳಿಸಿಕೊಳ್ಳುತ್ತಿರುವ ಸಂಜಯ್ ಲೀಲಾ ಬನ್ಸಾಲಿಯವರ ಹಿಂದಿ ‘ದೇವದಾಸ್’ ಇದಕ್ಕೆ ಸಾಕ್ಷಿ. ಸುಮಾರು 50 ಕೋಟಿ ರೂಪಾಯಿ ಸುರಿದು ತೆಗೆದ, ಆ ಕಾಲಕ್ಕೆ ದೇಶದಲ್ಲೇ ಅತಿ ದುಬಾರಿ ಚಿತ್ರವೆಂದು ಡಂಗುರ ಹೊಡೆದರು. ಇಷ್ಟು ಹಣದಿಂದ ಬಂದದ್ದೇನು, ಹೋದದ್ದೇನು? ಟಿಕೆಟಿಗೆ ಕಾಸು ಕೊಟ್ಟ ಕಾರ್ಮಿಕನಿಗೂ ಅಂಗಡಿಯವನಿಗೂ ಈ ಲೆಕ್ಕ ಕೇಳುವ ಹಕ್ಕಿದೆ.

ಶರಚ್ಚಂದ್ರರ ಕಾದಂಬರಿ ಪ್ರಕಟವಾದದ್ದು 1917ರಲ್ಲಿ. ದೇವದಾಸ ಜಮೀನ್ದಾರನ ಮಗ, ಪಾರ್ವತಿ ನೆರೆಮನೆಯ ಹುಡುಗಿ. ಅವಳದು ತೆರ ತೆಗೆದುಕೊಂಡು ಹೆಣ್ಣು ಕೊಡುವ ಕೀಳು ಮನೆತನವೆಂದು ಜಮೀನ್ದಾರರ ಮನೆ ಮೂಗು ಮುರಿಯಿತು. ಎದುರಾಡುವ ಎದೆಗಾರಿಕೆ ಮಗನಿಗಿರಲಿಲ್ಲ. ಆ ಪ್ರೇಮವನ್ನು ಕೊಂದದ್ದು ಹಣೆಬರಹವಲ್ಲ, ಅಂತಸ್ತು!

1955ರಲ್ಲಿ ಇದೇ ಕಥೆಯನ್ನು ತೆರೆಗೆ ತಂದ ಬಿಮಲ್ ರಾಯ್ ಇದನ್ನು ಬಲ್ಲರು. ಭೂಮಿ ಕಳೆದುಕೊಳ್ಳುವ ರೈತನ ಗೋಳನ್ನು ‘ದೋ ಬಿಘಾ ಜಮೀನ್’ನಲ್ಲಿ (1953) ತೋರಿಸಿದವರು ಅವರೇ ಅಲ್ಲವೆ? ಅವರ ಚಿತ್ರದಲ್ಲಿ ಹಳ್ಳಿ ಹಳ್ಳಿಯಾಗಿಯೇ ಇದೆ. ಪಾರ್ವತಿಯೂ ಚಂದ್ರಮುಖಿಯೂ ದಾರಿಯಲ್ಲಿ ಎದುರಾಗಿ, ಒಂದು ಮಾತೂ ಆಡದೆ ಸಾಗಿಹೋಗುತ್ತಾರೆ. ಆ ಮೌನ ಎದೆ ಕಲಕುತ್ತದೆ.

ಹೊಸ ಚಿತ್ರದಲ್ಲಿ ಇಬ್ಬರೂ ಒಡವೆ ಹೇರಿಕೊಂಡು ಜೊತೆಯಾಗಿ ಕುಣಿಯುತ್ತಾರೆ! ಕಾದಂಬರಿಯಲ್ಲಿ ದೇವದಾಸ ಪಾರ್ವತಿಯ ಹಣೆಗೆ ಹೊಡೆದು ಗಾಯ ಮಾಡುವುದು ಮೀನು ಹಿಡಿಯುವ ಗಾಳದ ಕೋಲಿನಿಂದ. ಇಲ್ಲಿ ಕೊರಳ ಹಾರದಿಂದ. ಪಾರ್ವತಿಯ ಮನೆಯೂ ಬಣ್ಣದ ಗಾಜಿನ ಅರಮನೆ. ಎರಡೂ ಅರಮನೆಗಳಾದ ಮೇಲೆ ನಡುವಿನ ಗೋಡೆ ಎಲ್ಲಿ ಉಳಿಯಿತು? ಅವಳ ತಾಯಿಯ ಕುಲದ ಹೀಯಾಳಿಕೆಯೇನೋ ಇದೆ. ಆದರೆ ಅದು ಹೆಂಗಸರ ಜಗಳವಾಗಿ ಮುಗಿಯುತ್ತದೆ.

“ದುಡಿದು ದಣಿದವನಿಗೆ ಮೂರು ತಾಸು ಅರಮನೆ ನೋಡುವ ಸುಖವೂ ಬೇಡವೆ?” ಎಂದು ಕೆಲವರು ಕೇಳುತ್ತಾರೆ. ಬೇಡವೆನ್ನುವಷ್ಟು ಒಣಗಿದವರು ನಾವಲ್ಲ. ಆ ಅರಮನೆ ಕಟ್ಟಿದ ಬಡಗಿಯ, ಸೀರೆಗೆ ಕಸೂತಿ ಹಾಕಿದವರ ಕೈಗೆ ನಮ್ಮ ನಮಸ್ಕಾರವಿದೆ. ನಟರ ಮೇಲೂ ದೂರಿಲ್ಲ. ಆದರೆ ರೋಗವನ್ನು ಮುಚ್ಚಿಟ್ಟು ಹೆಣಕ್ಕೆ ಸಿಂಗಾರ ಮಾಡುವುದನ್ನು ಕಲೆಯೆಂದು ಒಪ್ಪಲಾರೆವು.

ಇನ್ನೊಂದು ಮಾತು. ದೇವದಾಸ ಕುಡಿದ ಹೆಂಡಕ್ಕೆ ಹಣ ಎಲ್ಲಿಯದು? ರೈತ ಕೊಟ್ಟ ಗೇಣಿಯದು. ಜಮೀನ್ದಾರನ ಮಗ ಕುಡಿದರೆ ವಿರಹ, ಮಿಲ್ಲಿನವನು ಕುಡಿದರೆ ದುಶ್ಚಟ! ಶರಚ್ಚಂದ್ರರು ಈ ಮೋಹಕ್ಕೆ ಬಲಿಬೀಳಲಿಲ್ಲ. ಅವರ ದೇವದಾಸ ಪಾರ್ವತಿಯ ಗಂಡನ ಮನೆಯ ಮುಂದೆ ಅನಾಥನಾಗಿ ಸಾಯುತ್ತಾನೆ. ಜಾತಿ ತಿಳಿಯದ ಹೆಣವನ್ನು ಊರವರು ಮುಟ್ಟುವುದಿಲ್ಲ. ಕೊನೆಗೆ ಚಾಂಡಾಲರು ಹೊತ್ತೊಯ್ದು ಅರೆಬರೆ ಸುಟ್ಟು ಬಿಡುತ್ತಾರೆ. ಯಾರನ್ನು ಮುಟ್ಟಲೊಲ್ಲದ ಕುಲವೋ, ಆ ಕುಲದ ಕುಡಿಗೆ ಅವರೇ ಹೆಗಲಾದರು. ಈ ಕಹಿ ಸತ್ಯ ಹೊಸ ಚಿತ್ರಕ್ಕೆ ಬೇಡವಾಯಿತು. ನಾಯಕಿ ಉದ್ದನೆಯ ಸೆರಗು ಹಾರಿಸಿಕೊಂಡು ಓಡುವುದೇ ಸಾಕಾಯಿತು.

ಜಮೀನ್ದಾರಿ ಕಾಯಿದೆಯಿಂದ ಹೋಯಿತು. ಅದು ಕಟ್ಟಿದ ಗೋಡೆ ಹೋಗಿದೆಯೆ? ಜಾತಿ ಮೀರಿ ಮದುವೆಯಾದ ಮಕ್ಕಳನ್ನು ಹೆತ್ತವರೇ ಕೊಲ್ಲಿಸಿದ ಸುದ್ದಿ ಇಂದಿಗೂ ಪತ್ರಿಕೆಗಳಲ್ಲಿ ಬರುತ್ತಿದೆ. ಇಂಥ ಹೊತ್ತಿನಲ್ಲಿ ಗೋಡೆಯನ್ನು ಬಣ್ಣದ ಗಾಜಿನಿಂದ ಮರೆಮಾಡುವವರು ಯಾರ ಪಕ್ಷ? ವಾಚಕರೇ, ಚಿತ್ರ ನೋಡಿ, ಅಳು ಬಂದರೆ ಅಳಿ. ಹೊರಗೆ ಬಂದ ಮೇಲೆ ಮಾತ್ರ ನಿಮ್ಮ ಮನೆಯ ಹುಡುಗ ಹುಡುಗಿಯರ ನಡುವೆ ಆ ಗೋಡೆ ಎದ್ದರೆ, ನೀವು ಯಾವ ಕಡೆ ನಿಲ್ಲುವಿರೆಂದು ಕೇಳಿಕೊಳ್ಳಿ. ಕೆಡವಬೇಕಾದವರು ನಾವೇ.