ನಿಂತ ನೀರಿನಲ್ಲಿ ವಿಧಾನಸೌಧ

ಹೋದ ಶನಿವಾರ ರಾತ್ರಿ ಬೆಂಗಳೂರಿನಲ್ಲಿ ಒಳ್ಳೆಯ ಮಳೆ. ಬೆಳಗ್ಗೆ ಆರಕ್ಕೇ ಮೊಮ್ಮಗಳು ಎಬ್ಬಿಸಿದಳು. “ತಾತ, ವಿಧಾನಸೌಧದ ಹತ್ರ ಹೋಗೋಣ. ನೀರು ನಿಂತಿರತ್ತೆ!” ನೀರು ನಿಂತಿದ್ದರೆ ಪಂಚೆ ಎತ್ತಿಕೊಂಡು ಬಳಸಿ ಹೋಗಿ ಅಭ್ಯಾಸವಿದ್ದ ನನಗೆ, ಅದನ್ನು ಹುಡುಕಿಕೊಂಡು ಹೋದದ್ದು ಇದೇ ಮೊದಲು.

ಅಂಬೇಡ್ಕರ್ ವೀದಿಯ ಬದಿಯಲ್ಲಿ ಒಂದು ಚಾಪೆಯಗಲ ನೀರು ಸಿಕ್ಕಿತು. ನಿಂತು ನೋಡಿದರೆ ಡಾಂಬರು, ಎರಡು ಎಲೆ, ಅಷ್ಟೇ. ಅವಳು ಕುಕ್ಕರಗಾಲಲ್ಲಿ ಕೂತು, ಮೊಬೈಲನ್ನು ತಲೆಕೆಳಗು ಮಾಡಿ, ಕ್ಯಾಮೆರಾದ ಕಣ್ಣನ್ನು ನೀರಿಗೆ ಎರಡು ಬೆರಳಿನಷ್ಟು ಹತ್ತಿರ ತಂದಳು. 1956ರಲ್ಲಿ ಕಟ್ಟಿ ಮುಗಿಸಿದ ಆ ಗ್ರಾನೈಟ್ ಕಟ್ಟಡ ಕಂಬಗಳ ಸಮೇತ ಚಾಪೆಯಗಲದೊಳಗೆ ಬಂದು ಕೂತಿತು!

ಮಕ್ಕಳೇ, ನೀರನ್ನು ನೇರ ಮೇಲಿನಿಂದ ನೋಡಿದರೆ ಅದು ನೂರರಲ್ಲಿ ಸುಮಾರು 2 ಪಾಲು ಬೆಳಕನ್ನಷ್ಟೇ ಹಿಂದಕ್ಕೆ ಕಳಿಸುತ್ತದೆ. ಕಣ್ಣು ಕೆಳಗಿಳಿದು ಓರೆಯಾದಷ್ಟೂ ಆ ಪಾಲು ಹೆಚ್ಚುತ್ತದೆ. ತಳ ಕಪ್ಪಗಿದ್ದರೆ ಬಿಂಬ ಇನ್ನೂ ಸ್ಪಷ್ಟ. ಡಾಂಬರು ರಸ್ತೆ ಒಳ್ಳೆಯ ಕನ್ನಡಿಯಾಗುವುದು ಅದಕ್ಕೇ. ಮನೆಯಲ್ಲಿ ಕಪ್ಪು ಕಾವಲಿಗೆ ನೀರು ಹಾಕಿ, ಆಚೆ ಬದಿಗೆ ಒಂದು ಲೋಟ ನಿಲ್ಲಿಸಿ ನೋಡಿ. ಕಾವಲಿ ಬಿಸಿ ಇರದಿರಲಿ, ಅಜ್ಜಿಯ ಅನುಮತಿಯೂ ಇರಲಿ.

ಮನೆಗೆ ಬಂದ ಮೇಲೆ ಎಡಿಟಿಂಗ್ ಶುರುವಾಯಿತು. ಆಕಾಶ ನೇರಳೆಯಾಯಿತು, ಕಲ್ಲು ಕಿತ್ತಳೆಯಾಯಿತು. ಆಮೇಲೆ ಚಿತ್ರವನ್ನು ಪೂರ್ತಿ ತಿರುಗಿಸಿದಳು. ನೀರಿನೊಳಗಿನ ಸೌಧ ಮೇಲೆ ಬಂದು ನೆಟ್ಟಗೆ ನಿಂತಿತು. ಆದರೆ ಮುಂಭಾಗದ ‘ಸರ್ಕಾರದ ಕೆಲಸ ದೇವರ ಕೆಲಸ’ ಬಲದಿಂದ ಎಡಕ್ಕೆ ಓಡುತ್ತಿತ್ತು. ನೀರು ಮೇಲು-ಕೆಳಗನ್ನು ಮಾತ್ರ ಅದಲುಬದಲು ಮಾಡುತ್ತದೆ. ಚಿತ್ರವನ್ನು ಚಕ್ರದಂತೆ ತಿರುಗಿಸಿದರೆ ಎಡ-ಬಲವೂ ಬದಲಾಗುತ್ತದೆ. ದೋಸೆ ಮಗುಚಿದ ಹಾಗೆ ಕೆಳಗಿನಿಂದ ಮೇಲಕ್ಕೆ ಮಗುಚಿದಳು, ಅಕ್ಷರ ಸರಿಹೋಯಿತು.

“ಈ ಆಂಟಿ ಮಧ್ಯದಲ್ಲಿ ಬಂದಿದಾರೆ, ತೆಗೀತೀನಿ” ಎಂದಳು. ರಸ್ತೆ ಗುಡಿಸುತ್ತಿದ್ದ ಪೌರಕಾರ್ಮಿಕ ಹೆಂಗಸು. ಬೆರಳಿನಿಂದ ಸವರಿದಳು, ಮಾಯ! ಎರಡು ನಿಮಿಷ ಕಳೆದಿರಲಿಲ್ಲ, “ತಾತ, ಇಲ್ಲಿ ನೋಡು” ಎಂದಳು. ರಸ್ತೆಯ ಮೇಲೆ ಯಾರೂ ಇಲ್ಲ. ನೀರಿನಲ್ಲಿ ಮಾತ್ರ ಆಕೆ ಪೊರಕೆ ಹಿಡಿದು ನಿಂತೇ ಇದ್ದಾಳೆ.

ನನಗೆ ನಗು ಬಂತು, ಆಮೇಲೆ ಬರಲಿಲ್ಲ. ಸ್ಟುಡಿಯೊ ಇಟ್ಟುಕೊಂಡಿದ್ದ ಕಾಲದಲ್ಲಿ ನಾನೇನು ಕಡಿಮೆ ತಿದ್ದಿದವನೇ? ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಸಿಡುಬಿನ ಕಲೆ ಮುಚ್ಚುತ್ತಿದ್ದೆ, ಕಪ್ಪು-ಬಿಳುಪು ಮದುವಣಗಿತ್ತಿಯ ಸೀರೆಗೆ ಕುಂಚದಿಂದ ಕೆಂಪು ಬಳಿಯುತ್ತಿದ್ದೆ. ಅದಕ್ಕೆಲ್ಲ ಇವತ್ತೂ ಬೇಸರವಿಲ್ಲ. ಆದರೆ ಒಂದು ಮನೆಯವರು ಜಗಳವಾದ ಮೇಲೆ ಗುಂಪು ಫೋಟೊದಿಂದ ಅಳಿಯನನ್ನು ತೆಗೆಸಿದರು. ತೆಗೆದುಕೊಟ್ಟೆ, ದುಡ್ಡೂ ತೆಗೆದುಕೊಂಡೆ. ಭಾವಮೈದುನನ ಹೆಗಲ ಮೇಲೆ ಅವನ ನಾಲ್ಕು ಬೆರಳು ಉಳಿದುಬಿಟ್ಟಿದ್ದವು.

ಇದನ್ನು ಅವಳಿಗೆ ಹೇಳಿದೆ. “ಆಮೇಲೆ ಬೆರಳನ್ನೂ ಅಳಿಸಿದ್ಯಾ?” ಎಂದು ಕೇಳಿದಳು. ಹೌದು ಎಂದೆ. ಅವಳು ಏನೂ ಅನ್ನಲಿಲ್ಲ. ಮೊಬೈಲಿನಲ್ಲಿ ಹಿಂದಿನ ಹೆಜ್ಜೆಗೆ ಹೋಗುವ ಬಾಣದ ಗುರುತು ಇರುತ್ತದಲ್ಲ, ಅದನ್ನು ಒತ್ತಿದಳು. ಹೆಂಗಸು ರಸ್ತೆಗೆ ವಾಪಸು ಬಂದಳು. ನಮ್ಮ ಡಾರ್ಕ್ ರೂಮಿನಲ್ಲಿ ಆ ಬಾಣ ಇರಲಿಲ್ಲ.

ಚಿತ್ರ ಈಗ ಅವಳ ಶಾಲೆಯ ಗೋಡೆಯ ಮೇಲಿದೆ. ಕೆಳಗೆ ಬರೆದಿದ್ದಾಳೆ: “ಬಣ್ಣ ನನ್ನದು. ಮಗುಚಿದ್ದೂ ನಾನೇ. ಉಳಿದದ್ದೆಲ್ಲ ಅಲ್ಲೇ ಇತ್ತು.” ಇನ್ನೊಂದು ಪ್ರಿಂಟ್ ನನ್ನ ಚೀಲದಲ್ಲಿದೆ. ಆಕೆಯ ಹೆಸರು ಕೇಳಲು ಮರೆತೆವು. ಮಳೆ ಬರಲಿ ಬಿಡಲಿ, ಈ ಭಾನುವಾರ ಆರು ಗಂಟೆಗೆ ಅಲ್ಲಿರುತ್ತೇವೆ.