ಗಾಡಿ ಆಮೇಲೆ, ಚಾರ್ಜಿಂಗ್ ಮೊದಲು

ಡೆಲಿವರಿ ಕೆಲಸಕ್ಕೆಂದು ಎಲೆಕ್ಟ್ರಿಕ್ ಸ್ಕೂಟರ್ ನೋಡಲು ಹೋದ ಹುಡುಗರು ಮೊದಲು ಕೇಳುವುದು ‘ಎಷ್ಟು ಕಿಲೋಮೀಟರ್ ಕೊಡುತ್ತೆ?’ ಎಂದು. ರಾತ್ರಿ ಅದನ್ನು ಎಲ್ಲಿ ಚಾರ್ಜಿಗೆ ಹಾಕುತ್ತೀರಿ ಎಂದು ಅಂಗಡಿಯವರು ಕೇಳುವುದಿಲ್ಲ. ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರಲ್ಲಿ ಎಷ್ಟೋ ಜನ ಇರುವುದು ಪಿಜಿಯಲ್ಲಿ, ಮೂರನೇ ಮಹಡಿಯ ಬಾಡಿಗೆ ಕೋಣೆಯಲ್ಲಿ. ಗಾಡಿ ರಸ್ತೆ ಬದಿಯಲ್ಲಿ. ಕೆಳಗಿನ ಮೀಟರ್ ಬೋರ್ಡಿನಿಂದ ವೈರ್ ಎಳೆಯಲು ಮನೆ ಮಾಲೀಕರು ಒಪ್ಪುವುದಿಲ್ಲ. ಅಂಥವರಿಗೆ ಬ್ಯಾಟರಿ ಬಿಚ್ಚಲಾಗದ ಗಾಡಿಯನ್ನು ಕಂತಿನ ಮೇಲೆ ಕೊಡಿಸುವುದು ಅನ್ಯಾಯ.

ಉಳಿತಾಯವೇನೋ ನಿಜ. ನಗರದ ಓಟದಲ್ಲಿ ಸ್ಕೂಟರ್ ಕಿಲೋಮೀಟರಿಗೆ ಸುಮಾರು 30 ವ್ಯಾಟ್ ಅವರ್ ಬಳಸುತ್ತದೆ ಎಂದುಕೊಂಡರೆ, ಚಾರ್ಜ್ ಮಾಡುವಾಗ ಪೋಲಾಗುವುದೂ ಸೇರಿ 100 ಕಿ.ಮೀ.ಗೆ ಮೂರು ಯೂನಿಟ್‌ಗಿಂತ ತುಸು ಹೆಚ್ಚು ಕರೆಂಟ್ ಸಾಕು. ಅಷ್ಟೇ ದೂರಕ್ಕೆ ಪೆಟ್ರೋಲ್ ಸ್ಕೂಟರಿಗೆ ಎರಡು ಲೀಟರ್ ಬೇಕು, 200 ರೂಪಾಯಿಗೂ ಮೇಲೆ. ಆದರೆ ಜಾಹೀರಾತಿನ ರೇಂಜ್ ಪ್ರಯೋಗಾಲಯದ ಅಳತೆ. ಬೆನ್ನಿಗೆ ಬ್ಯಾಗು, ಸಿಗ್ನಲ್ಲಿಗೊಂದು ನಿಲುಗಡೆ, ಫ್ಲೈಓವರ್ ಏರು ಎಲ್ಲ ಸೇರಿದರೆ ಅದರಲ್ಲಿ ಮುಕ್ಕಾಲು ಸಿಕ್ಕರೆ ಪುಣ್ಯ. ಸಂಜೆ ಏಳಕ್ಕೆ, ಆರ್ಡರ್‌ಗಳು ಮುಗಿಬೀಳುವ ಹೊತ್ತಿಗೆ, ಬ್ಯಾಟರಿ ಕೈಕೊಟ್ಟರೆ ಆ ದಿನದ ಇನ್ಸೆಂಟಿವ್ ಹೋದಂತೆಯೇ.

ಸ್ವಂತ ಪ್ಲಗ್ ಇಲ್ಲದವರಿಗೆ ಬ್ಯಾಟರಿ ಸ್ವ್ಯಾಪ್ ಇರುವ ಬಾಡಿಗೆ ಗಾಡಿಯೇ ವಾಸಿ ಎಂಬುದು ನನ್ನ ಅಭಿಪ್ರಾಯ. ಖಾಲಿ ಬ್ಯಾಟರಿ ಇಟ್ಟು ತುಂಬಿದ್ದನ್ನು ತೆಗೆದುಕೊಂಡು ಹೊರಡಬಹುದು. ಬ್ಯಾಟರಿ ಹಳತಾಗುವ ನಷ್ಟವೂ ಸವಾರನದಲ್ಲ. ಒಪ್ಪುವ ಮುನ್ನ ಎರಡು ಸಂಗತಿ ವಿಚಾರಿಸಿ: ನೀವು ಓಡಾಡುವ ಏರಿಯಾದಲ್ಲಿ ಸ್ವ್ಯಾಪ್ ಕೇಂದ್ರ ಎಷ್ಟು ದೂರ, ಜ್ವರ ಬಂದು ಮಲಗಿದ ವಾರಕ್ಕೂ ಬಾಡಿಗೆ ಕಟ್ಟಬೇಕೇ.

ಕೊಳ್ಳಲೇಬೇಕೆಂದರೆ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಹುಡುಕಿ. ತೂಕ ತುಸು ಜಾಸ್ತಿ, ಆದರೆ ಬಿಸಿಯನ್ನು ಚೆನ್ನಾಗಿ ತಾಳುತ್ತದೆ, ದಿನಾ ಪೂರ್ತಿ ಖಾಲಿ ಮಾಡಿ ತುಂಬುವವರಿಗೆ ಹೆಚ್ಚು ಕಾಲ ಬರುತ್ತದೆ. 2022ರಲ್ಲಿ ಸ್ಕೂಟರ್‌ಗಳಿಗೆ ಬೆಂಕಿ ಹೊತ್ತಿದ ಘಟನೆಗಳ ನಂತರ ಎಐಎಸ್-156 ಸುರಕ್ಷತಾ ಮಾನದಂಡ ಬಿಗಿಯಾಯಿತು. ಅದಕ್ಕೂ ಹಿಂದಿನ ಬ್ಯಾಟರಿ ಅಗ್ಗಕ್ಕೆ ಸಿಕ್ಕಿತೆಂದು ತಂದು ಮಲಗುವ ಕೋಣೆಯ ಬಾಗಿಲ ಬಳಿ ಚಾರ್ಜಿಗಿಡಬೇಡಿ.

ನನ್ನನ್ನು ಹೆಚ್ಚು ಕಾಡುವುದು ಕಡಿಮೆ ವೇಗದ ಗಾಡಿಗಳ ಪಾಡು. ಮೋಟರ್ 250 ವ್ಯಾಟ್, ವೇಗ ಗಂಟೆಗೆ 25 ಕಿ.ಮೀ. ಒಳಗಿದ್ದರೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ಊರಿಂದ ಆಗಷ್ಟೇ ಬಂದವನಿಗೆ ಅದು ದೊಡ್ಡ ಅನುಕೂಲ. ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಎಂಬ ಮಾತಿನ ಒತ್ತಡ ಬಿದ್ದಾಗ ಮೆಕ್ಯಾನಿಕ್ ಹತ್ತಿರ ಸ್ಪೀಡ್ ಲಾಕ್ ತೆಗೆಸುವ ಆಸೆ ಹುಟ್ಟುತ್ತದೆ. ತೆಗೆಸಿದ ಕೂಡಲೇ ಆ ವಿನಾಯಿತಿ ಹೋಯಿತು: ನೋಂದಣಿಯೂ ಇಲ್ಲದ, ವಿಮೆಯೂ ಇಲ್ಲದ ಮೋಟಾರು ವಾಹನ ಅದು. ಅಪಘಾತವಾದರೆ ಆಸ್ಪತ್ರೆ ಖರ್ಚು, ಪರಿಹಾರ, ಪೊಲೀಸ್ ಕೇಸು ಎಲ್ಲವೂ ಆ ಹುಡುಗನ ತಲೆಗೇ. ಹತ್ತು ನಿಮಿಷದ ಗಡುವನ್ನು ಪ್ರಚಾರ ಮಾಡಿದವರಿಗೆ ಅದರ ಬಿಸಿ ತಟ್ಟುವುದೇ ಇಲ್ಲ.

ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ಶುಲ್ಕವಾಗಿ ಕಟ್ಟಬೇಕು. ಅದರ ಜೊತೆಗೆ ಇನ್ನೊಂದು ಕರಾರೂ ಬರಲಿ: ಆರ್ಡರ್ ತುಂಬಿಕೊಡುವ ಪ್ರತಿ ಡಾರ್ಕ್ ಸ್ಟೋರಿನ ಮುಂದೆ, ಕಂಪನಿಯ ಖರ್ಚಿನಲ್ಲೇ, 15 ಆಂಪಿಯರ್ ಸಾಕೆಟ್‌ಗಳು, ಮಳೆಗೆ ಒಂದು ಶೀಟು, ಕೂರಲು ಬೆಂಚು.